ಮನೆಯೊಳಗೇ ಇರುವ ಬೆಕ್ಕಿಗೂ ಹಾರ್ಟ್‌ವರ್ಮ್ (ಹೃದಯದ ಹುಳ) ಬರುತ್ತಾ?

ಹೂಸ್ಟನ್_ಕನ್ನಡತಿ:
ನಮ್ಮ ಬೆಕ್ಕಿಗೆ ನಾಲ್ಕು ವರ್ಷ, ಬಾಗಿಲು ದಾಟಿದವನೇ ಅಲ್ಲ. ಈಚೆಗೆ ಕೆಮ್ಮು ಶುರುವಾಗಿದೆ. ನೆಲಕ್ಕೆ ಒತ್ತಿಕೊಂಡು ಕೂತು, ಕತ್ತು ಮುಂದಕ್ಕೆ ಚಾಚಿ ಗೊರ್ ಗೊರ್ ಅನ್ನುತ್ತಾನೆ, ಕೂದಲುಂಡೆ ಕಕ್ಕುತ್ತಾನೆ ಅಂತ ಕಾದರೆ ಏನೂ ಬರುವುದಿಲ್ಲ. ಡಾಕ್ಟರ್ ಮೊದಲು ಅಸ್ತಮಾ ಅಂದರು. ಆಮೇಲೆ ರಕ್ತ ಪರೀಕ್ಷೆಯಲ್ಲಿ ಹಾರ್ಟ್‌ವರ್ಮ್ ಆಂಟಿಬಾಡಿ ಪಾಸಿಟಿವ್, ಆಂಟಿಜೆನ್ ನೆಗೆಟಿವ್ ಬಂತು. ಹಾಗಂದ್ರೆ ಹುಳ ಇದೆಯಾ, ಇಲ್ವಾ? ನಾಯಿಗೆ ಇಂಜೆಕ್ಷನ್ ಕೊಟ್ಟು ಹುಳ ಸಾಯಿಸುತ್ತಾರಲ್ಲ, ಇವನಿಗೆ ಯಾಕೆ ಬೇಡ?

ಪಶುವೈದ್ಯ_ಡಲ್ಲಾಸ್:
ಆಂಟಿಬಾಡಿ ಪಾಸಿಟಿವ್ ಅಂದ್ರೆ ಸೊಳ್ಳೆ ಕಚ್ಚಿ ಮರಿಹುಳ ಮೈ ಸೇರಿತ್ತು ಅಂತ ಅಷ್ಟೆ, ಈಗಲೂ ಇದೆ ಅಂತಲ್ಲ. ಆಂಟಿಜೆನ್ ಟೆಸ್ಟ್ ಹಿಡಿಯುವುದು ಬೆಳೆದ ಹೆಣ್ಣು ಹುಳವನ್ನು. ನಾಯಿಯಲ್ಲಿ ಹತ್ತಾರು ಹುಳ ಇರಬಹುದು, ಬೆಕ್ಕಿನಲ್ಲಿ ಸಾಮಾನ್ಯವಾಗಿ ಒಂದೋ ಎರಡೋ, ಅದೂ ಗಂಡೇ ಆಗಿದ್ದರೆ ನೆಗೆಟಿವ್ ಬರುತ್ತದೆ. ಹಾಗಾಗಿ ಆ ನೆಗೆಟಿವ್ ನಂಬಿ ನಿರಾಳವಾಗಬೇಡಿ. ಎಕ್ಸ್‌ರೇ, ಎಕೋ (ಹೃದಯದ ಸ್ಕ್ಯಾನ್) ಎರಡೂ ಮಾಡಿಸಿ.

ಬೆಕ್ಕಿನ ಮೈ ಈ ಹುಳಕ್ಕೆ ಅಷ್ಟು ಒಗ್ಗುವುದಿಲ್ಲ. ಸೊಳ್ಳೆ ಕಚ್ಚಿದ ಮೂರ್ನಾಲ್ಕು ತಿಂಗಳಿಗೆ ಎಳೆ ಹುಳಗಳು ಶ್ವಾಸಕೋಶದ ರಕ್ತನಾಳ ಸೇರುತ್ತವೆ, ಬಹಳಷ್ಟು ಅಲ್ಲೇ ಸಾಯುತ್ತವೆ. ಸತ್ತ ಹುಳದಿಂದಲೇ ಊತ, ಕೆಮ್ಮು, ಏದುಸಿರು. ನೋಡಲು ಥೇಟ್ ಅಸ್ತಮಾ. ನಾಯಿಗೆ ಕೊಡುವ ಆ ಇಂಜೆಕ್ಷನ್, ಮೆಲಾರ್ಸೊಮಿನ್, ಬೆಕ್ಕಿಗೆ ಸುರಕ್ಷಿತ ಅಲ್ಲ. ಅಲ್ಲದೆ ಬೆಳೆದ ಹುಳ ಒಂದೇ ಒಂದು ಸತ್ತರೂ ಬೆಕ್ಕು ದಿಢೀರ್ ಅಂತ ಸಾಯಬಹುದು. ಬೆಕ್ಕಿನಲ್ಲಿ ಈ ಹುಳದ ಆಯಸ್ಸು 2–4 ವರ್ಷ. ಅಷ್ಟು ಕಾಲ ಪ್ರೆಡ್ನಿಸೊಲೋನ್ ಥರದ ಸ್ಟೀರಾಯ್ಡ್ ಔಷಧಿಯಿಂದ ಊತ ಹತೋಟಿಯಲ್ಲಿಟ್ಟು ಕಾಯುವುದೇ ದಾರಿ.

ಟ್ಯಾಂಪಾದವನು:
ಮನೆಯೊಳಗಿದ್ದರೆ ಬರಲ್ಲ ಅನ್ನೋದು ಸುಮ್ನೆ ಮಾತು. ಸೊಳ್ಳೆಗೆ ಬಾಗಿಲು ತೆರೆದು ಕರೀಬೇಕಾ? ಟೆಕ್ಸಾಸ್‌ನಿಂದ ಫ್ಲೋರಿಡಾವರೆಗೆ ಈ ಗಲ್ಫ್ ಕರಾವಳಿ ಪೂರ್ತಿ ಹಾರ್ಟ್‌ವರ್ಮ್ ಜಾಸ್ತಿ. ನಾವು ವರ್ಷವಿಡೀ ತಿಂಗಳಿಗೊಂದು ಸಲ ಸೆಲಮೆಕ್ಟಿನ್ ಹನಿ ಹಾಕುತ್ತೇವೆ. ಕತ್ತಿನ ಹಿಂದೆ ಕೂದಲು ಬಿಡಿಸಿ ಚರ್ಮಕ್ಕೇ ತಾಗುವ ಹಾಗೆ ಹಾಕಬೇಕು, ಅಲ್ಲಿಗೆ ನಾಲಿಗೆ ಎಟಕುವುದಿಲ್ಲ. ಈ ಔಷಧಿ ಹೊಸ ಮರಿಹುಳಗಳನ್ನು ಕೊಲ್ಲುತ್ತದೆ, ಬೆಳೆದ ಹುಳಕ್ಕೆ ಮದ್ದಲ್ಲ. ಮನೆಯಲ್ಲಿ ನಾಯಿಯೂ ಇದ್ದರೆ ಅದರ ಹನಿಯನ್ನು ಬೆಕ್ಕಿಗೆ ಹಾಕಲೇಬೇಡಿ, ಕೆಲವದರಲ್ಲಿ ಪರ್ಮೆಥ್ರಿನ್ ಅನ್ನೋ ಕೀಟನಾಶಕ ಇರುತ್ತದೆ, ಬೆಕ್ಕಿಗೆ ಅದು ವಿಷ.

ಮಂಗಳೂರು_ಮೀನು:
ನಮ್ಮಲ್ಲೂ ಸೊಳ್ಳೆಗೇನು ಬರ ಇಲ್ಲ, ಇಲ್ಲಿ ಹೇಗೆ?

ಪಶುವೈದ್ಯ_ಡಲ್ಲಾಸ್:
ದಕ್ಷಿಣ ಭಾರತದ ನಾಯಿಗಳಲ್ಲಿ ಜಾಸ್ತಿ ಕಾಣುವುದು ಇದರದೇ ಕುಲದ ಡೈರೋಫೈಲೇರಿಯಾ ರೆಪೆನ್ಸ್, ಅದು ಚರ್ಮದಡಿ ಇರುವ ಹುಳ. ಹೃದಯದ ಹುಳದ ವರದಿ ಈಶಾನ್ಯ ರಾಜ್ಯಗಳಿಂದ ಹೆಚ್ಚು.

ಹೂಸ್ಟನ್_ಕನ್ನಡತಿ:
ಥ್ಯಾಂಕ್ಸ್ ಸರ್. ಎಕೋ ಮಾಡಿಸುತ್ತೇವೆ. ಪ್ರೆಡ್ನಿಸೊಲೋನ್ ಕೊಟ್ಟಿದ್ದಾರೆ, ಕೆಮ್ಮು ಆಗಲೇ ಕಡಿಮೆ. ನಿಲ್ಲಿಸಬಹುದಾ?

ಪಶುವೈದ್ಯ_ಡಲ್ಲಾಸ್:
ನೀವಾಗಿ ನಿಲ್ಲಿಸಬೇಡಿ. ಡಾಕ್ಟರ್ ಹೇಳಿದ ಹಾಗೆ ಮೆಲ್ಲಗೆ ಇಳಿಸಬೇಕು. ಬಾಯಿ ತೆರೆದು ಉಸಿರಾಡಿದರೆ ಮಾತ್ರ ಬೆಳಗಾಗಲಿ ಅಂತ ಕಾಯದೆ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ.