ಬಿಎಸ್ಸಿ ಅಗ್ರಿಗೆ ರಾಯಚೂರೋ, ಧಾರವಾಡವೋ, ಜಿಕೆವಿಕೆಯೋ?

ಗಂಗಾವತಿ ಹುಡುಗ:
ಎಲ್ಲರಿಗೂ ನಮಸ್ಕಾರ. ನಮ್ಮದು ಗಂಗಾವತಿ ತಾಲ್ಲೂಕು. ಅಪ್ಪ ತುಂಗಭದ್ರಾ ಎಡದಂಡೆ ಕಾಲುವೆ ಕೆಳಗೆ ನಾಲ್ಕು ಎಕರೆ ನೆಲ್ಲು ಬೆಳೆಯುತ್ತಾರೆ. ಸಿಇಟಿ ರ‍್ಯಾಂಕ್ ಬಂದಿದೆ. ಕೃಷಿಕರ ಕೋಟಾದ ಪ್ರಾಯೋಗಿಕ ಪರೀಕ್ಷೆಯೂ ಚೆನ್ನಾಗಿ ಆಗಿತ್ತು. ಮೂರೂ ಕಡೆ ಸೀಟು ಸಿಗುವ ಹಾಗಿದೆ. ಆಪ್ಷನ್ ಎಂಟ್ರಿಯಲ್ಲಿ ಯಾವುದನ್ನು ಮೊದಲು ಹಾಕಲಿ? ಬೆಂಗಳೂರಿನ ಹೆಸರೇ ಬೇರೆ, ಜಿಕೆವಿಕೆ (ಅಲ್ಲಿಯ ಕೃಷಿ ವಿಶ್ವವಿದ್ಯಾಲಯದ ಕ್ಯಾಂಪಸ್) ಹಾಕು ಅಂತಾರೆ ಮಾವ. ಗೆಳೆಯರೆಲ್ಲ ಧಾರವಾಡ ಅಂತಾರೆ. ರಾಯಚೂರು ಅಂದ್ರೆ ‘ಅಲ್ಲೇನಿದೆ, ಬರೀ ಬಿಸಿಲು’ ಅಂತ ನಗುತ್ತಾರೆ. ಅಮ್ಮನಿಗೆ ಮಾತ್ರ ನಾನು ಹತ್ತಿರ ಇರಲಿ ಅಂತ ಆಸೆ. ಹಾಸ್ಟೆಲ್, ಸೀನಿಯರ್‌ಗಳು, ಓದುವ ವಾತಾವರಣ ಹೇಗಿದೆ? ಓದಿದವರು ಹೇಳಿ.

ಸಿಂಧನೂರು ಅಣ್ಣ:
ತಮ್ಮಾ, ನಾನು ಬಿಎಸ್ಸಿ ಮಾಡಿದ್ದು ರಾಯಚೂರಲ್ಲಿ. ಎಂಎಸ್ಸಿ ಧಾರವಾಡದಲ್ಲಿ, ಮಣ್ಣು ವಿಜ್ಞಾನ. ಈಗ ರೈತ ಸಂಪರ್ಕ ಕೇಂದ್ರದಲ್ಲಿ ಕೆಲಸ. ಎರಡೂ ಹಾಸ್ಟೆಲಿನಲ್ಲಿ ಉಂಡವನು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಹೆಸರಿಗೆ ಅಷ್ಟು ಹೆದರಬೇಡ. ಧಾರವಾಡದಲ್ಲಿ ಕೃಷಿ ಕಾಲೇಜು ಶುರುವಾಗಿದ್ದು 1947ರಲ್ಲಿ, ಹಳೆಯ ಹೆಸರು ನಿಜ. ಆದರೆ ಅಲ್ಲಿ ಬೇರೆ ವಿಶ್ವವಿದ್ಯಾಲಯ ಆಗಿದ್ದು 1986ರಲ್ಲಿ, ಅದಕ್ಕೆ ಮೊದಲು ಆ ಕಾಲೇಜು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಕೆಳಗಿತ್ತು. ರಾಯಚೂರು ಕಾಲೇಜು 2008ರ ತನಕ ಧಾರವಾಡ ವಿಶ್ವವಿದ್ಯಾಲಯದ ಕೆಳಗಿತ್ತು. ಮೂರೂ ಒಂದೇ ಮನೆಯಿಂದ ಬೇರೆಯಾದವು. ಪಠ್ಯವೂ ಹೆಚ್ಚುಕಡಿಮೆ ಒಂದೇ, ಐಸಿಎಆರ್ (ಭಾರತೀಯ ಕೃಷಿ ಸಂಶೋಧನಾ ಪರಿಷತ್ತು) ಡೀನ್ ಸಮಿತಿ ಹೇಳಿದ್ದು. ಬೇರೆ ಆಗುವುದು ಕ್ಯಾಂಪಸ್ಸಿನ ಸುತ್ತಲಿನ ಭೂಮಿ.

ನಾಲ್ಕನೇ ವರ್ಷ ನಮ್ಮನ್ನು ಹಳ್ಳಿಯಲ್ಲಿ ಇರಲು ಕಳಿಸುತ್ತಾರೆ. ಗ್ರಾಮೀಣ ಕೃಷಿ ಕಾರ್ಯಾನುಭವ ಅಂತ ಅದರ ಹೆಸರು, ನಾವು ರಾವೆ ಅಂತೀವಿ. ನಮ್ಮ ಗುಂಪಿಗೆ ಮಾನ್ವಿ ಕಡೆಯ ಹಳ್ಳಿ ಸಿಕ್ಕಿತ್ತು. ಗುಡಿ ಮುಂದೆ ನೆಲಕ್ಕೆ ನೀರು ಚಿಮುಕಿಸಿ, ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸಿದೆವು. ಎರೆ ಅಂದ್ರೆ ಕಪ್ಪು ಭೂಮಿಗೆ ಒಂದು ಬಣ್ಣ, ಮಸಾರಿ ಅಂದ್ರೆ ಕೆಂಪು ಭೂಮಿಗೆ ಒಂದು, ಕಾಲುವೆಗೆ ನೀಲಿ. ಒಬ್ಬ ಅಜ್ಜ ಬಂದು ಬಹಳ ಹೊತ್ತು ನೋಡಿದ. ಆಮೇಲೆ ಕಾಲಿನಿಂದ ಅರ್ಧ ನೀಲಿ ಗೆರೆ ಅಳಿಸಿಬಿಟ್ಟ. ‘ನೀರು ಇಲ್ಲಿಗೇ ನಿಲ್ಲತೈತಿ. ಮುಂದ ಬರಂಗಿಲ್ಲ’ ಅಂದ. ಕಾಲುವೆ ಮೇಲಿನವರಿಗೆ ನೀರು ಜಾಸ್ತಿಯಾಗಿ ಸವಳು, ಅಂದ್ರೆ ಮಣ್ಣಿನಲ್ಲಿ ಉಪ್ಪು; ಕೊನೆಯವರಿಗೆ ನೀರೇ ಇಲ್ಲ. ನಮ್ಮಪ್ಪನ ಹೊಲವೂ ಕಾಲುವೆ ಕೊನೆಗೇ ಇದೆ. ನಾನು ಮಣ್ಣು ವಿಜ್ಞಾನ ತೆಗೆದುಕೊಂಡಿದ್ದು ಆ ಅಜ್ಜನಿಂದ. ನೀನು ನೆಲ್ಲಿನ ಮನೆಯವನು. ನಿಮ್ಮೂರ ಪಕ್ಕದ ಕೃಷಿ ಸಂಶೋಧನಾ ಕೇಂದ್ರ, ಗಂಗಾವತಿ ಸೋನಾ ತಳಿ ಬಂತಲ್ಲ, ಅದೂ ರಾಯಚೂರು ವಿಶ್ವವಿದ್ಯಾಲಯದ್ದೇ. ಅಲ್ಲಿ ಸವಳು ಭೂಮಿಯ ಮೇಲೂ ಕೆಲಸ ನಡೆಯುತ್ತದೆ.

ಕೊರತೆಯನ್ನೂ ಹೇಳುತ್ತೇನೆ. ಎಲ್ಲರ ಊರೂ ಹತ್ತಿರ. ಶನಿವಾರ ಮಧ್ಯಾಹ್ನ ಹಾಸ್ಟೆಲ್ ಖಾಲಿ ಆಗುತ್ತಿತ್ತು, ನಾನೂ ಬಸ್ ಹತ್ತುತ್ತಿದ್ದೆ. ಕೂತು ಓದಿಸುವವರು ನಮ್ಮ ಬ್ಯಾಚಿಗೆ ಕಡಿಮೆ ಇದ್ದರು. ಧಾರವಾಡದಲ್ಲಿ ಅದು ಬೇರೆ. ರಾತ್ರಿ ಹನ್ನೊಂದರ ಮೇಲೂ ಸೀನಿಯರ್‌ಗಳು ಜೂನಿಯರ್‌ಗಳನ್ನು ಕೂರಿಸಿಕೊಂಡು ಜೆಆರ್‌ಎಫ್ (ಎಂಎಸ್ಸಿ ಸೀಟು, ಫೆಲೋಶಿಪ್‌ಗೆ ಬರೆಯುವ ಪರೀಕ್ಷೆ) ಪ್ರಶ್ನೆ ಬಿಡಿಸುತ್ತಿದ್ದರು. ಭಾನುವಾರ ವಿದ್ಯಾವರ್ಧಕ ಸಂಘದಲ್ಲಿ ಭಾಷಣ ಇದ್ದರೆ ನಾಲ್ಕೈದು ಜನ ಹೋಗುತ್ತಿದ್ದೆವು. ಆ ಗಾಳಿ ನನಗೆ ಬಿಎಸ್ಸಿಯಲ್ಲೇ ಸಿಗಬೇಕಿತ್ತು ಅಂತ ಈಗಲೂ ಅನಿಸುತ್ತದೆ.

ಜಿಕೆವಿಕೆಗೆ ನಾನು ಹೋಗಿದ್ದು ನವೆಂಬರಿನ ಕೃಷಿ ಮೇಳಕ್ಕೆ ಮಾತ್ರ. ದೊಡ್ಡ ಕ್ಯಾಂಪಸ್. ಆದರೆ ಅಲ್ಲಿಯ ಮಾತು ಜಾಸ್ತಿ ರಾಗಿ, ಅವರೆ.

ನನ್ನ ಕೇಳಿದರೆ ರಾಯಚೂರು ಮೊದಲು, ಧಾರವಾಡ ಎರಡನೆಯದು. ಎಂಎಸ್ಸಿಗೆ ಮಾತ್ರ ಹೊರಗೆ ಹೋಗಲೇಬೇಕು.

ಮಾನ್ವಿ ಅಕ್ಕ:
ಅಣ್ಣಾವ್ರ ಮಾತು ಅರ್ಧ ಒಪ್ಪುತ್ತೇನೆ. ನಾನು ಹದಿನೆಂಟಕ್ಕೇ ದೂರ ಹೋದವಳು. ಕಾಲೇಜಿನ ಹೆಸರು ಬೇಡ. ಮೊದಲ ಸೆಮಿನಾರಿನಲ್ಲಿ ‘ಐತಿ’ ಅಂದಿದ್ದಕ್ಕೆ ಹಿಂದಿನ ಸಾಲು ನಕ್ಕಿತು. ರೂಮಿಗೆ ಬಂದು ಅತ್ತೆ. ಮುಂದಿನ ಸೆಮಿನಾರಿಗೆ ಹದಿನೈದು ದಿನ ಕನ್ನಡಿ ಮುಂದೆ ನಿಂತು ತಯಾರಾದೆ. ಆದರೆ ‘ಐತಿ’ ಬಿಡಲಿಲ್ಲ. ಆ ಸಲ ಯಾರೂ ನಗಲಿಲ್ಲ. ಇವತ್ತು ಬ್ಯಾಂಕಿನಲ್ಲಿ ಕೃಷಿ ಅಧಿಕಾರಿಯಾಗಿ ನೂರು ಜನರ ಮುಂದೆ ಸಾಲದ ವಿಷಯ ಹೇಳುತ್ತೇನೆ, ಆ ಧೈರ್ಯ ಬಂದಿದ್ದು ಅಲ್ಲಿಂದಲೇ. ಮನೆ ಹತ್ತಿರ ಇದ್ದಿದ್ದರೆ ವಾರವಾರ ಅಮ್ಮನ ಹತ್ತಿರ ಓಡುತ್ತಿದ್ದೆ. ನನ್ನ ಓಟು ಧಾರವಾಡಕ್ಕೆ, ಈಗಲೇ.

ಕೊಪ್ಪಳದವ:
ಎಲ್ಲೇ ಹಾಕು, 371ಜೆ ಪ್ರಮಾಣಪತ್ರ (ಕಲ್ಯಾಣ ಕರ್ನಾಟಕದವರು ಅನ್ನೋ ಮೀಸಲಾತಿ ಪತ್ರ) ಕೈಯಲ್ಲಿರಲಿ. ನಮ್ಮ ಭಾಗದ ಕಾಲೇಜಿನಲ್ಲಿ ನಮಗೆ ನೂರಕ್ಕೆ 70 ಸೀಟು, ರಾಜ್ಯದ ಬೇರೆ ಕಡೆ ನೂರಕ್ಕೆ 8. ನಿನ್ನ ರ‍್ಯಾಂಕಿಗೆ ಎಲ್ಲಿ ಸಿಗುತ್ತೆ ಅನ್ನೋದು ಇದರಿಂದಲೇ ಬದಲಾಗುತ್ತದೆ.

ಗಂಗಾವತಿ ಹುಡುಗ:
ಪ್ರಮಾಣಪತ್ರ ಇದೆ ಅಣ್ಣ. ಅಕ್ಕ, ನಿಮ್ಮ ಮಾತನ್ನು ಅಮ್ಮನಿಗೆ ಓದಿ ಹೇಳಿದೆ, ಸುಮ್ನಾದರು. ಇನ್ನೂ ತೀರ್ಮಾನ ಮಾಡಿಲ್ಲ. ಸಿಂಧನೂರು ಅಣ್ಣ, ನಮ್ಮ ನಾಲ್ಕರಲ್ಲಿ ಅರ್ಧ ಎಕರೆ ಸವಳು ಬಿದ್ದಿದೆ. ಬೇಸಿಗೆಯಲ್ಲಿ ಬೆಳ್ಳಗೆ ಕಾಣುತ್ತದೆ. ಅಪ್ಪ ಅದನ್ನು ಬಿಟ್ಟೇಬಿಟ್ಟಿದ್ದಾರೆ. ಆ ಮಣ್ಣನ್ನು ಪರೀಕ್ಷೆಗೆ ಕೊಡಬಹುದಾ?

ಸಿಂಧನೂರು ಅಣ್ಣ:
ಸೀಟು ಸಿಗುವ ತನಕ ಯಾಕೆ ಕಾಯುತ್ತೀ? ಮೇಲೆ ಕಟ್ಟಿದ ಬಿಳಿ ಪುಡಿಯನ್ನು ಕೆರೆದು ಬೇರೆ ಚೀಲಕ್ಕೆ ಹಾಕು. ಆಮೇಲೆ ಎಂಟು ಹತ್ತು ಕಡೆ ಆರು ಇಂಚು ಆಳ ಅಗೆದು ಮಣ್ಣು ತೆಗೆದು ಕಲಸು. ಅರ್ಧ ಕೆಜಿ ನೆರಳಲ್ಲಿ ಒಣಗಿಸು. ಚೀಟಿಯಲ್ಲಿ ಸರ್ವೆ ನಂಬರ್ ಬರೆದು ಗಂಗಾವತಿ ಸಂಶೋಧನಾ ಕೇಂದ್ರಕ್ಕೆ ಅಪ್ಪನನ್ನೂ ಕರೆದುಕೊಂಡು ಹೋಗು.