ಪೆಟ್ಟು ಬೆನ್ನುಹುರಿಗೆ, ಮೂಳೆ ಬೆಳೆಯೋದು ತೊಡೆಯಲ್ಲಿ: ಯಾಕೆ?

ಕೀಲುಬಾಗಿಲು:
ಬೆನ್ನುಹುರಿ ಪೂರ್ತಿ ಜಖಂ ಆದ ಕೆಲವರಲ್ಲಿ ಸುಮಾರು ಎರಡು ತಿಂಗಳ ಹೊತ್ತಿಗೆ ಸೊಂಟದ ಕೀಲಿನ ಸುತ್ತ ಹೆಟೆರೊಟೋಪಿಕ್ ಆಸಿಫಿಕೇಶನ್, ಅಂದರೆ ಎಚ್.ಒ. (ಮೂಳೆ ಇರಬಾರದ ಕಡೆ ಮೂಳೆ ಬೆಳೆಯೋದು) ಕಾಣಿಸಿಕೊಳ್ಳುತ್ತೆ. ಇದು ಮ್ಯಾಕ್ರೋಫೇಜ್‌ಗಳ, ಅಂದರೆ ಕಸ ನುಂಗುವ ರೋಗನಿರೋಧಕ ಕೋಶಗಳ ಕೆಲಸ ಅಂತಾರೆ. ಹಾಗಿದ್ದರೆ ಎಲ್ಲರಿಗೂ ಯಾಕೆ ಬರಲ್ಲ? ಇನ್ನೊಂದು: ತೊಡೆ ಊದಿ ಬಿಸಿಯಾಗಿದೆ, ಎಕ್ಸ್‌ರೇ ನಾರ್ಮಲ್. ಕೀಲಿನ ವ್ಯಾಯಾಮ ಹಾಗೇ ಮುಂದುವರಿಸಬಹುದಾ?

ಬಿಳಿರಕ್ತಕಣ:
ಬೆನ್ನುಹುರಿಯ ಗಾಯ ಒಂದೇ ಸಾಲದು, ಅದಕ್ಕೇ ಎಲ್ಲರಿಗೂ ಬರಲ್ಲ. 2015ರಲ್ಲಿ ಪ್ರಕಟವಾದ ಇಲಿ ಪ್ರಯೋಗದಲ್ಲಿ ಹುರಿ ಕತ್ತರಿಸಿದರೂ ಮೂಳೆ ಬೆಳೆಯಲಿಲ್ಲ, ಸ್ನಾಯುವಿಗೆ ಕಾರ್ಡಿಯೋಟಾಕ್ಸಿನ್ ಅನ್ನೋ ವಿಷ ಚುಚ್ಚಿ ಬರೀ ಅದನ್ನು ಹಾಳು ಮಾಡಿದಾಗಲೂ ಬೆಳೆಯಲಿಲ್ಲ. ಎರಡೂ ಕೂಡಿದಾಗ ಮಾತ್ರ ಬೆಳೆಯಿತು.

ಸಾಮಾನ್ಯವಾಗಿ ಸ್ನಾಯು ಹರಿದರೆ ಮ್ಯಾಕ್ರೋಫೇಜ್‌ಗಳು ಬಂದು ಕಸ ತಿಂದು, ಕೆಲವೇ ದಿನದಲ್ಲಿ ಉರಿಯೂತ ಇಳಿಸುವ ಕಡೆಗೆ ತಿರುಗುತ್ತವೆ. ಸ್ನಾಯು ರಿಪೇರಿಗೆ ನೆರವಾಗಲು ಅಲ್ಲೇ ಹೆಚ್ಚಿಕೊಂಡಿದ್ದ ಫೈಬ್ರೋ-ಅಡಿಪೋಜೆನಿಕ್ ಕೋಶಗಳು, ಅಂದರೆ ಫ್ಯಾಪ್‌ಗಳು, ಕೆಲಸ ಮುಗಿಸಿ ಸಾಯುತ್ತವೆ. ಹುರಿ ಜಖಂ ಆದ ದೇಹದಲ್ಲಿ ಈ ಶುಚಿ ಕೆಲಸ ಮುಗಿಯೋದೇ ಇಲ್ಲ. ಮ್ಯಾಕ್ರೋಫೇಜ್‌ಗಳು ಆಂಕೋಸ್ಟ್ಯಾಟಿನ್ ಎಂ ಅನ್ನೋ ಸಂಕೇತ ಪ್ರೋಟೀನ್ ಸುರಿಸುತ್ತಲೇ ಇರುತ್ತವೆ, ಅದು ಜ್ಯಾಕ್-ಸ್ಟ್ಯಾಟ್3 ಅನ್ನೋ ಕೋಶದೊಳಗಿನ ಸಂಕೇತದ ದಾರಿಯಲ್ಲಿ ಒತ್ತಾಯ ಹೇರುತ್ತೆ, ಉಳಿದುಕೊಂಡ ಫ್ಯಾಪ್‌ಗಳು ಸ್ನಾಯು ರಿಪೇರಿಗೆ ನೆರವಾಗೋದು ಬಿಟ್ಟು ಮೂಳೆ ಕಟ್ಟಲು ಶುರು ಮಾಡುತ್ತವೆ. ಇಲಿಗಳಲ್ಲಿ ಕ್ಲೋಡ್ರೋನೇಟ್ ಲೈಪೋಸೋಮ್ (ಕೊಬ್ಬಿನ ಸಣ್ಣ ಗುಳ್ಳೆಯಲ್ಲಿ ತುಂಬಿದ ಔಷಧ) ಕೊಟ್ಟು ಮ್ಯಾಕ್ರೋಫೇಜ್ ಕಡಿಮೆ ಮಾಡಿದರೆ ಮೂಳೆಯೂ ಕಡಿಮೆ. ಜ್ಯಾಕ್ ತಡೆಯುವ ರುಕ್ಸೋಲಿಟಿನಿಬ್‌ನಿಂದಲೂ ಹಾಗೇ. ಇದೆಲ್ಲ ಇಲಿಯ ಮಾತು, ವಾರ್ಡಿನಲ್ಲಿ ರುಕ್ಸೋಲಿಟಿನಿಬ್ ಬರೆಯುವ ಮಟ್ಟಕ್ಕೆ ಬಂದಿಲ್ಲ.

ಬೆಡ್‌ಸೋರ್, ಮೂತ್ರದ ಸೋಂಕು, ಜಾಸ್ತಿ ಸ್ಪಾಸ್ಟಿಸಿಟಿ (ಸ್ನಾಯು ಬಿಗಿತ) ಇದ್ದವರಲ್ಲಿ ಎಚ್.ಒ. ಹೆಚ್ಚು ಅನ್ನೋದು ಈ ಕಥೆಗೆ ಹೊಂದುತ್ತೆ: ಉರಿಯುವುದಕ್ಕೆ ಏನಾದರೂ ಬೇಕು.

ವಾರ್ಡ್‌ರೌಂಡ್:
ಎಕ್ಸ್‌ರೇ ನಾರ್ಮಲ್ ಅಂತ ನೆಮ್ಮದಿ ಬೇಡ. ಸುಣ್ಣ (ಕ್ಯಾಲ್ಸಿಯಂ) ಕೂಡುವವರೆಗೆ ಫಿಲ್ಮಿನಲ್ಲಿ ಏನೂ ಕಾಣಲ್ಲ. ಬೋನ್ ಸ್ಕ್ಯಾನ್‌ನ ಮೂರು ಹಂತದಲ್ಲಿ ಮೊದಲೆರಡು ಮುಂಚೆಯೇ ಬೆಳಗುತ್ತವೆ, ಎಕ್ಸ್‌ರೇಯಲ್ಲಿ ಕಾಣೋದು ಅದಾಗಿ ಕೆಲವು ವಾರಕ್ಕೆ. ರಕ್ತದಲ್ಲಿ ಅಲ್ಕಲೈನ್ ಫಾಸ್ಫಟೇಸ್ ಅನ್ನೋ ಕಿಣ್ವ ಏರಿದ್ದರೆ ಸುಳಿವು ಸಿಕ್ಕಿತು ಅಷ್ಟೆ. ಜೊತೆಗೆ ಮೂಳೆ ಮುರಿದಿದ್ದರೆ ಅದು ಕೂಡುವಾಗಲೂ ಏರುತ್ತೆ. ಏರಿಲ್ಲ ಅಂದಮಾತ್ರಕ್ಕೆ ಎಚ್.ಒ. ಇಲ್ಲ ಅಂತಲೂ ಅಲ್ಲ.

ಮೊದಲು ಡಾಪ್ಲರ್ (ರಕ್ತನಾಳದ ಸ್ಕ್ಯಾನ್) ಮಾಡಿಸಿ ಡಿವಿಟಿ, ಅಂದರೆ ಕಾಲಿನ ಒಳಗಿನ ರಕ್ತನಾಳದಲ್ಲಿ ಹೆಪ್ಪು, ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಎರಡೂ ಒಟ್ಟಿಗೆ ಇರಬಹುದು, ಎಚ್.ಒ.ಯ ಗಡ್ಡೆಯೇ ರಕ್ತನಾಳ ಒತ್ತಬಹುದು. ಸೋಂಕು ಹಾಗೂ ಸದ್ದಿಲ್ಲದೆ ಮುರಿದ ತೊಡೆಮೂಳೆಯನ್ನೂ ನೋಡಿ, ರೋಗಿಗೆ ನೋವೇ ಗೊತ್ತಾಗಲ್ಲ. ಗಾಯ ಟಿ6 (ಬೆನ್ನುಹುರಿಯ ಎದೆ ಭಾಗದ ಆರನೇ ಮಟ್ಟ) ಅಥವಾ ಮೇಲಿದ್ದರೆ ಬಿಪಿ ದಿಢೀರ್ ಏರುವುದೂ ಸುಳಿವು.

ವ್ಯಾಯಾಮ: ಬಿಸಿ, ಊತ ಇರುವಾಗ ಕೀಲನ್ನು ಎಷ್ಟು ಬಾಗುತ್ತೋ ಅಷ್ಟಕ್ಕೇ ಮೃದುವಾಗಿ ಆಡಿಸಿ. ಕೊನೆಯಲ್ಲಿ ಗಟ್ಟಿ ತಡೆ ಸಿಕ್ಕಿದರೆ ನಿಲ್ಲಿಸಿ, ಒತ್ತಿ ಮುಂದೂಡಬೇಡಿ. ಹಾಗೆ ಒತ್ತಿದಾಗ ಸ್ನಾಯುವಿನಲ್ಲಿ ಆಗುವ ಸಣ್ಣ ಸೀಳೇ ಮೇಲೆ ಹೇಳಿದ ಎರಡನೇ ಪೆಟ್ಟು ಆಗಬಹುದು. ಪೂರ್ತಿ ನಿಲ್ಲಿಸಿಬಿಟ್ಟರೆ ಕೀಲು ಬಿಗಿದುಕೊಳ್ಳುತ್ತೆ, ಆಮೇಲೆ ವೀಲ್‌ಚೇರ್‌ನಲ್ಲಿ ಕೂರಿಸೋದೇ ಕಷ್ಟ.

ಕೀಲುಬಾಗಿಲು:
ಉರಿಯೂತ ಇಳಿಸುವ ಮಾತ್ರೆ ಇಂಡೋಮೆಥಾಸಿನ್?

ವಾರ್ಡ್‌ರೌಂಡ್:
ತಡೆಗಟ್ಟಲು ದಿನಕ್ಕೆ 75 ಮಿ.ಗ್ರಾಂ., ಮೂರು ವಾರ ಕೊಟ್ಟು ನೋಡಿದ್ದಿದೆ, ಎಚ್.ಒ. ಕಡಿಮೆಯಾಗಿದೆ. ಹೆಪ್ಪು ತಡೆಯುವ ಹೆಪಾರಿನ್ ಜೊತೆ ಕೊಟ್ಟರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ, ಕಿಡ್ನಿ ನೋಡಬೇಕು, ಬೆನ್ನುಮೂಳೆ ಬೆಸೆದಿದ್ದರೆ ಶಸ್ತ್ರಚಿಕಿತ್ಸಕರನ್ನು ಕೇಳಲೇಬೇಕು. ಎಟಿಡ್ರೋನೇಟ್ ಅನ್ನೋ ಇನ್ನೊಂದು ಔಷಧ ಬರೀ ಸುಣ್ಣ ಕೂಡೋದನ್ನು ತಡೆಯುತ್ತೆ, ಕೆಳಗಿನ ಚೌಕಟ್ಟು ಬೆಳೆಯುತ್ತಲೇ ಇರುತ್ತೆ. ನಿಲ್ಲಿಸಿದ ಮೇಲೆ ಅದಕ್ಕೆ ಸುಣ್ಣ ತುಂಬಿಬಿಡಬಹುದು.

ಮೂಳೆಗರಗಸ:
ತೆಗೆಯುವ ಶಸ್ತ್ರಕ್ರಿಯೆಗೆ ಒಂದೂವರೆ ವರ್ಷ ಕಾಯಬೇಕು ಅನ್ನೋದು ಹಳೇ ಲೆಕ್ಕ. ಈಗ ಮೂಳೆ ಬಲಿತಿದೆಯಾ, ಕೂರಲು ಎಷ್ಟು ಅಡ್ಡಿ ಅನ್ನೋದನ್ನು ನೋಡುತ್ತಾರೆ. ಕಾಂಟ್ರಾಸ್ಟ್ ಸಿಟಿ ಇಲ್ಲದೆ ಕೈ ಹಾಕಬಾರದು, ತೊಡೆಯ ದೊಡ್ಡ ರಕ್ತನಾಳ ಮೂಳೆಯೊಳಗೇ ಹುದುಗಿರಬಹುದು. ಮತ್ತೆ ಬೆಳೆಯದಂತೆ ಕೆಲವರು ಶಸ್ತ್ರಕ್ರಿಯೆ ಆಗಿ 72 ಗಂಟೆಯೊಳಗೆ ಒಂದೇ ಸಲಕ್ಕೆ 7–8 ಗ್ರೇ (ವಿಕಿರಣದ ಅಳತೆ) ವಿಕಿರಣ ಕೊಡುತ್ತಾರೆ. ಅಂದಹಾಗೆ ಸಾಕಷ್ಟು ಕತ್ತರಿಸುವ ಮೊದಲೇ ಕಾಲನ್ನು ಬಲವಂತವಾಗಿ ಬಾಗಿಸಿದರೆ ಎಚ್.ಒ. ಬದಲು ತೊಡೆಮೂಳೆಯ ಕುತ್ತಿಗೆಯೇ ಲಟ್ಟನೆ ಮುರಿಯಬಹುದು. ಭಾರ ಹೊರದೆ ತಿಂಗಳುಗಟ್ಟಲೆ ಮಲಗಿದ ಮೂಳೆ ಅದು, ಹೊಸದಾಗಿ ಬೆಳೆದದ್ದಕ್ಕಿಂತ ಪೊಳ್ಳು.