ಊಟಿಗೆ ಹೋಗಿ ಬಂದರೆ ಓಟ ಜೋರಾಗುತ್ತದಾ? ಅಕ್ಕನಿಗೆ ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಕಳೆದ ವಾರ ನಮ್ಮ ಓಟಗಾರರ ಗ್ರೂಪಿನಲ್ಲಿ ಎತ್ತರದ ಜಾಗದಲ್ಲಿ ಟ್ರೈನಿಂಗ್ ಮಾಡುವ ಮಾತು ಬಂತು. ಮೆಸೇಜ್ ಮೇಲೆ ಮೆಸೇಜ್ ಬಿತ್ತು, ಕೊನೆಗೆ ಯಾರಿಗೂ ಎಂತದೂ ಅರ್ಥ ಆಗಲಿಲ್ಲ. ಹಾಗಾಗಿ ಇವತ್ತು ಅಕ್ಕನನ್ನು ಕರೆದಿದ್ದೇವೆ. ಟ್ರ್ಯಾಕಿನಲ್ಲಿ 5000 ಮತ್ತು 10,000 ಮೀಟರ್ ಹನ್ನೊಂದು ವರ್ಷ ಓಡಿದವರು. ಈಗ ಉಡುಪಿಯ ಅಜ್ಜರಕಾಡಿನಲ್ಲಿ ಮಕ್ಕಳಿಗೆ ಕಲಿಸುತ್ತಾರೆ. ಪ್ರಶ್ನೆ ಮಾತ್ರ ಹಾಕಿ, ಗುಡ್ ಮಾರ್ನಿಂಗ್ ಹೂವಿನ ಫೋಟೋ ಬೇಡ.

ಪ್ರಶ್ನೆ (ಸುರತ್ಕಲ್, ಕಾಲೇಜು ಹುಡುಗ): ಅಕ್ಕ, ನನ್ನ 10 ಕಿ.ಮೀ. ಟೈಮ್ 34 ನಿಮಿಷ 10 ಸೆಕೆಂಡ್. ಮುಂದಿನ ತಿಂಗಳು ಅಂತರ ಕಾಲೇಜು ಕ್ರಾಸ್‌ಕಂಟ್ರಿ ಉಂಟು. ಅದಕ್ಕೆ ಮೊದಲು ಹತ್ತು ದಿನ ಊಟಿಯಲ್ಲಿ ಇದ್ದು ಓಡಿದರೆ ಲಾಭ ಆಗ್ತದಾ? ಬಸ್ಸು, ರೂಮು ಅಂತ ಹದಿನೈದು ಸಾವಿರ ಒಟ್ಟು ಮಾಡಿಟ್ಟಿದ್ದೇನೆ.

ಉತ್ತರ: ಬೇಡ ಮಾರಾಯ. ದುಡ್ಡು ಸದ್ಯ ಕಿಸೆಯಲ್ಲೇ ಇರಲಿ.

ಊಟಿ ಸಮುದ್ರಮಟ್ಟದಿಂದ ಸುಮಾರು 2240 ಮೀಟರ್ ಮೇಲೆ ಇದೆ. ಅಲ್ಲಿ ಗಾಳಿಯಲ್ಲಿ ಆಕ್ಸಿಜನ್ ಕಡಿಮೆ ಅಂತ ಎಲ್ಲರೂ ಹೇಳುತ್ತಾರೆ. ನಿಜವಾಗಿ ಆಕ್ಸಿಜನ್ ಪಾಲು ಊಟಿಯಲ್ಲೂ ಪಣಂಬೂರಿನಲ್ಲೂ ಒಂದೇ, ಶೇ. 21ರ ಹತ್ತಿರ. ಕಡಿಮೆಯಾಗುವುದು ಗಾಳಿಯ ಒತ್ತಡ. ಊಟಿಯಲ್ಲಿ ಅದು ನಮ್ಮಲ್ಲಿಯ ಮುಕ್ಕಾಲು ಪಾಲು ಅಷ್ಟೇ. ಹಾಗಾಗಿ ಎಷ್ಟು ದೊಡ್ಡ ಉಸಿರು ಎಳೆದರೂ ರಕ್ತಕ್ಕೆ ಸಿಗುವ ಆಕ್ಸಿಜನ್ ಸಾಲುವುದಿಲ್ಲ. ಇದು ಕಿಡ್ನಿಗೆ ಗೊತ್ತಾಗುತ್ತದೆ. ಅದು ಇಪಿಒ ಎಂಬ ಹಾರ್ಮೋನ್ ಬಿಡುತ್ತದೆ. ಆ ಹಾರ್ಮೋನ್ ಮೂಳೆಯೊಳಗಿನ ಮಜ್ಜೆಗೆ ಹೋಗಿ ಕೆಂಪು ರಕ್ತಕಣ ಜಾಸ್ತಿ ಮಾಡಿಸುತ್ತದೆ. ಕಣ ಜಾಸ್ತಿಯಾದರೆ ಕೆಳಗೆ ಬಂದ ಮೇಲೆ ಕಾಲಿಗೆ ಆಕ್ಸಿಜನ್ ಜಾಸ್ತಿ. ಇಷ್ಟೇ ಕತೆ.

ಆದರೆ ಇದಕ್ಕೆ ಸಮಯ ಬೇಕು. ಇಪಿಒ ಒಂದೆರಡು ದಿನದಲ್ಲಿ ಏರುತ್ತದೆ ನಿಜ, ಹೊಸ ಕಣ ತಯಾರಾಗಿ ರಕ್ತಕ್ಕೆ ಬರಲು ವಾರದ ಹತ್ತಿರ ಹಿಡಿಯುತ್ತದೆ. ಆ ಎತ್ತರದಲ್ಲಿ ಕಳೆದ 100 ಗಂಟೆಗೆ ದೇಹದ ಒಟ್ಟು ಹಿಮೋಗ್ಲೋಬಿನ್, ಅಂದರೆ ಆ ಕಣದೊಳಗೆ ಆಕ್ಸಿಜನ್ ಹೊರುವ ಅಂಶ, ಸುಮಾರು ಶೇ. 1 ಏರುತ್ತದೆ ಅಂತ ಲೆಕ್ಕ. ಮೂರು ವಾರ ಇದ್ದರೆ 500 ಗಂಟೆ. ನಿನ್ನ ಹತ್ತು ದಿನಕ್ಕೆ 240. ಅದರಲ್ಲೂ ಮೊದಲ ನಾಲ್ಕೈದು ದಿನ ನಿದ್ದೆ ಸರಿ ಬರುವುದಿಲ್ಲ, ತಲೆ ಭಾರ, ಕಾಲು ಏಳುವುದಿಲ್ಲ. ನೀನು ಹೊಂದಿಕೊಳ್ಳುವಷ್ಟರಲ್ಲಿ ವಾಪಸ್ ಬಸ್ಸು ಹತ್ತಬೇಕು.

ನನ್ನ ಮೊದಲ ದಿನ ಹೇಳುತ್ತೇನೆ. ಗುಡಲೂರು ರಸ್ತೆಯಲ್ಲಿ ವೆನ್‌ಲಾಕ್ ಡೌನ್ಸ್ ಅಂತ ಹುಲ್ಲುಗಾವಲು ಉಂಟು. ಹೌದು, ನಮ್ಮ ಮಂಗಳೂರಿನ ಆಸ್ಪತ್ರೆಗೆ ಇರುವ ಅದೇ ಹೆಸರು, ಮದ್ರಾಸಿನ ಅದೇ ಗವರ್ನರ್. ಮಲ್ಪೆ ರಸ್ತೆಯಲ್ಲಿ ಕಿಲೋಮೀಟರಿಗೆ 4 ನಿಮಿಷ 45 ಸೆಕೆಂಡಿನಲ್ಲಿ ಮಾತಾಡುತ್ತಾ ಓಡುತ್ತಿದ್ದವಳು ನಾನು. ಅಲ್ಲಿ 5:15ಕ್ಕೇ ಮಾತು ನಿಂತುಹೋಯಿತು. ಕೈ ತಣ್ಣಗೆ, ಗಂಟಲು ಒಣ, ವಾಚಿನಲ್ಲಿ ನಾಡಿ 171. ಪಕ್ಕದಲ್ಲಿ ಒಬ್ಬ ಅಜ್ಜ ಹಸು ಹೊಡೆದುಕೊಂಡು ಹೋಗುತ್ತಿದ್ದ. ಏರಿನಲ್ಲಿ ಅವನೂ ನಾನೂ ಒಂದೇ ಸ್ಪೀಡು.

34 ನಿಮಿಷ ಓಡುವವನಿಗೆ ವಾರಕ್ಕೆ ಹದಿನೈದು ಕಿಲೋಮೀಟರ್ ಜಾಸ್ತಿ ಮಾಡಿದರೆ, ರಾತ್ರಿ ಮೊಬೈಲ್ ಬಿಟ್ಟು ಎಂಟು ಗಂಟೆ ಮಲಗಿದರೆ ಊಟಿಗಿಂತ ಜಾಸ್ತಿ ಸಿಗುತ್ತದೆ. ಅದೆಲ್ಲ ಮಾಡಿ ಮುಗಿದ ಮೇಲೆ ಉಳಿದ ಶೇ. 1–2ಕ್ಕೆ ಜನ ಬೆಟ್ಟ ಹತ್ತುತ್ತಾರೆ. ನಮ್ಮ ದೇಶದ ದೂರದ ಓಟಗಾರರಾದ ಅವಿನಾಶ್ ಸಾಬ್ಳೆ, ಗುಲ್ವೀರ್ ಸಿಂಗ್ ಅಮೆರಿಕದ ಎತ್ತರದ ಊರು ಕೊಲರಾಡೊ ಸ್ಪ್ರಿಂಗ್ಸ್‌ಗೆ ಹೋಗಿದ್ದು ಅದಕ್ಕೇ. ಅವರು ಇರುತ್ತಿದ್ದುದು ತಿಂಗಳುಗಟ್ಟಲೆ.

ಪ್ರಶ್ನೆ (ಕಾರ್ಕಳ): ಅಷ್ಟು ದೂರ ಯಾಕೆ ಮೇಡಂ, ಆಗುಂಬೆ ಇಲ್ವಾ? ಮಡಿಕೇರಿ, ಚಿಕ್ಕಮಗಳೂರು?

ಉತ್ತರ: ಆಗುಂಬೆ 650 ಮೀಟರ್ ಆಸುಪಾಸು. ಚಿಕ್ಕಮಗಳೂರು, ಮಡಿಕೇರಿ ಎರಡೂ 1100ರ ಹತ್ತಿರ. ಹವೆ ಚಂದ, ಏರು ಚಂದ, ಕಾಲಿಗೆ ಬಲ ಬರುತ್ತದೆ. ರಕ್ತ ಬದಲಾಗುವುದಿಲ್ಲ. ಅದಕ್ಕೆ 2000 ಮೀಟರಿನ ಆಸುಪಾಸು ಬೇಕು. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1930ರ ಒಳಗೆ. ಅದರ ತುದಿಯಲ್ಲಿ ಮೂರು ವಾರ ಯಾರು ಮಲಗುತ್ತಾರೆ?

ಪ್ರಶ್ನೆ (ಕುಂದಾಪುರ, ಓಟಗಾರ್ತಿಯ ತಾಯಿ): ಮಗಳಿಗೆ 19. ರಾಜ್ಯ ಮಟ್ಟದಲ್ಲಿ 5000 ಮೀ. ಓಡುತ್ತಾಳೆ. ಅವಳ ಕೋಚ್ ನಾಲ್ಕು ವಾರದ ಕ್ಯಾಂಪಿಗೆ ಕರೆದುಕೊಂಡು ಹೋಗುತ್ತಾರಂತೆ. ಹಿಮೋಗ್ಲೋಬಿನ್ 12.3 ಉಂಟು. ಕಳಿಸಬಹುದಾ?

ಉತ್ತರ: ಅಮ್ಮ, ನಾಲ್ಕು ವಾರ ಅಂದರೆ ಸರಿಯಾದ ಅವಧಿ. ಆದರೆ ಹೋಗುವ ಒಂದೂವರೆ ತಿಂಗಳು ಮೊದಲೇ ಫೆರಿಟಿನ್ ಟೆಸ್ಟ್ ಮಾಡಿಸಿ. ಹಿಮೋಗ್ಲೋಬಿನ್ ನೋಡಿ ಸಮಾಧಾನಪಟ್ಟುಕೊಳ್ಳಬೇಡಿ. ಹಿಮೋಗ್ಲೋಬಿನ್ ಅಂದರೆ ಪಾತ್ರೆಯಲ್ಲಿ ಬೆಂದ ಅನ್ನ, ಫೆರಿಟಿನ್, ಅಂದರೆ ದೇಹ ಕೂಡಿಟ್ಟ ಕಬ್ಬಿಣದ ಲೆಕ್ಕ, ಡಬ್ಬದಲ್ಲಿ ಉಳಿದ ಅಕ್ಕಿ. ಇವತ್ತು ಪಾತ್ರೆ ತುಂಬ ಅನ್ನ ಇರಬಹುದು, ಡಬ್ಬ ಖಾಲಿ ಇದ್ದರೆ ನಾಳೆ ಎಂತ ಮಾಡುವುದು? ಬೆಟ್ಟದ ಮೇಲೆ ಹೊಸ ರಕ್ತಕಣ ಮಾಡಲು ದೇಹ ಕಬ್ಬಿಣವನ್ನು ಬಾಚಿಕೊಳ್ಳುತ್ತದೆ. ಇಲ್ಲದಿದ್ದರೆ ಕಣವೂ ಇಲ್ಲ, ಓಟವೂ ಇಲ್ಲ.

ನನಗೆ ಆದದ್ದು ಅದೇ. ನನ್ನ ಮೊದಲ ಕ್ಯಾಂಪಿಗೆ ಮುಂಚೆ ಯಾರೂ ಫೆರಿಟಿನ್ ಹೆಸರೇ ಎತ್ತಲಿಲ್ಲ. ನನ್ನ ಹಿಮೋಗ್ಲೋಬಿನ್ 12.4, ನಿಮ್ಮ ಮಗಳ ಹಾಗೆಯೇ. ಮೊದಲ ವಾರ ಹುಮ್ಮಸ್ಸಿನಲ್ಲಿ ಓಡಿದೆ. ಎರಡನೇ ವಾರ ಮೆಟ್ಟಿಲು ಹತ್ತುವಾಗ ತೊಡೆ ಉರಿಯಿತು. ಮೂರನೇ ವಾರ ಆರು ಸಲ 1000 ಮೀಟರ್ ಓಡಬೇಕಿತ್ತು. ನಾಲ್ಕನೆಯದರಲ್ಲಿ ಟ್ರ್ಯಾಕ್ ಪಕ್ಕ ಕೂತುಬಿಟ್ಟೆ. ಮನಸ್ಸು ಗಟ್ಟಿ ಇಲ್ಲ ಅಂದರು, ನಾನೂ ನಂಬಿದೆ. ಕೆಳಗೆ ಬಂದು ಓಡಿದ 10,000ದಲ್ಲಿ ಗೆದ್ದವಳು ನನ್ನನ್ನು ಎರಡು ಸಲ ದಾಟಿದಳು. ಆಮೇಲೆ ಮಂಗಳೂರಿನಲ್ಲಿ ಒಬ್ಬ ಡಾಕ್ಟರು ಟೆಸ್ಟ್ ಬರೆದುಕೊಟ್ಟರು. ಫೆರಿಟಿನ್ 9.

ಲ್ಯಾಬಿನ ಚೀಟಿಯಲ್ಲಿ 15 ಇದ್ದರೂ ನಾರ್ಮಲ್ ಅಂತ ಬರೆದಿರಬಹುದು. ಮನೆಯಲ್ಲಿರುವವರಿಗೆ ಅದು ಸಾಕೋ ಏನೋ, ಬೆಟ್ಟ ಹತ್ತುವ ಓಟಗಾರ್ತಿಗೆ ಸಾಲದು. 35ಕ್ಕಿಂತ ಕೆಳಗಿದ್ದರೆ ನಾನು ನನ್ನ ಹುಡುಗಿಯರನ್ನು ಕಳಿಸುವುದಿಲ್ಲ. ಮುಟ್ಟು ಜಾಸ್ತಿ ಹೋಗುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ನಾಚಿಕೆ ಬೇಡ. ಮಾತ್ರೆ ಎಷ್ಟು, ಎಷ್ಟು ದಿನ ಅಂತ ಅವರೇ ಹೇಳಬೇಕು. ಟೆಸ್ಟ್ ಇಲ್ಲದೆ ಸುಮ್ನೆ ಕಬ್ಬಿಣದ ಮಾತ್ರೆ ನುಂಗಿಸಬೇಡಿ, ಜಾಸ್ತಿಯಾದರೂ ತೊಂದರೆಯೇ. ಇನ್ನು ಡ್ರಿಪ್ ಹಾಕಿಸಿದರೆ ಬೇಗ ಏರುತ್ತದೆ ಅಂತ ಯಾರಾದರೂ ಹೇಳಿದರೆ ನಿಲ್ಲಿ. ಆಸ್ಪತ್ರೆಯ ಚಿಕಿತ್ಸೆಯ ಭಾಗವಾಗಿ ಅಲ್ಲದೆ, 12 ಗಂಟೆಯಲ್ಲಿ 100 ಮಿಲಿಲೀಟರಿಗಿಂತ ಜಾಸ್ತಿ ನರಕ್ಕೆ ಹಾಕಿಸಿಕೊಳ್ಳುವುದು ಡೋಪಿಂಗ್ ನಿಯಮದಲ್ಲಿ ನಿಷಿದ್ಧ. ಒಳಗೆ ಇದ್ದದ್ದು ಬರೀ ಗ್ಲೂಕೋಸ್ ಆದರೂ ಅಷ್ಟೇ.

ಊಟದ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಮೀನು ತಿನ್ನುವವರಾದರೆ ಮರುವಾಯಿ ಒಳ್ಳೆಯದು, ಬೂತಾಯಿಯೂ ಆಗುತ್ತದೆ. ತಿನ್ನದವರಿಗೆ ಹುರುಳಿ, ಹರಿವೆ, ರಾಗಿ. ಸೊಪ್ಪು ಕಾಳಿನ ಕಬ್ಬಿಣ ಸುಲಭಕ್ಕೆ ಮೈಗೆ ಹತ್ತುವುದಿಲ್ಲ. ಜೊತೆಗೆ ನಿಂಬೆಯೋ ನೆಲ್ಲಿಕಾಯಿಯೋ ಇರಲಿ. ಚಾ ಊಟದ ಜೊತೆ ಬೇಡ, ಎರಡು ಗಂಟೆ ಬಿಟ್ಟು ಕುಡಿಯಲಿ.

ಮತ್ತೆ ಅದೇ ತಾಯಿ: ತುಂಬಾ ಉಪಕಾರ. ಅವಳು ದಿನಕ್ಕೆ ನಾಲ್ಕು ಚಾ ಕುಡಿಯುತ್ತಾಳೆ.

ಉತ್ತರ: ನಾನು ಐದು ಕುಡಿಯುತ್ತಿದ್ದೆ.

ಪ್ರಶ್ನೆ (ಮಣಿಪಾಲ): ಆನ್‌ಲೈನಿನಲ್ಲಿ ಆಲ್ಟಿಟ್ಯೂಡ್ ಮಾಸ್ಕ್ ಸಿಗುತ್ತದೆ. ಅದು ಹಾಕಿಕೊಂಡು ಎಂಡ್ ಪಾಯಿಂಟಿನಲ್ಲಿ ಓಡಿದರೆ?

ಉತ್ತರ: ನೋಡಿದವರು ಹೆದರಿ ದಾರಿ ಬಿಡುತ್ತಾರೆ, ಅದೊಂದು ಲಾಭ. ಆ ಮಾಸ್ಕ್ ಉಸಿರು ಎಳೆಯುವುದನ್ನು ಕಷ್ಟ ಮಾಡುತ್ತದೆ ಅಷ್ಟೇ, ಗಾಳಿಯ ಒತ್ತಡ ಕಡಿಮೆ ಮಾಡುವುದಿಲ್ಲ. ಅರ್ಧ ಗಂಟೆ ಹಾಕಿಕೊಂಡರೆ ಕಿಡ್ನಿಗೆ ಸುದ್ದಿಯೇ ಹೋಗುವುದಿಲ್ಲ. ಆಕ್ಸಿಜನ್ ಕಡಿಮೆ ಮಾಡುವ ಟೆಂಟ್ ಬೇರೆ ವಿಷಯ, ಅದು ಕೆಲಸ ಮಾಡುತ್ತದೆ. ಆದರೆ ದಿನಕ್ಕೆ ಹನ್ನೆರಡು ಗಂಟೆಯ ಮೇಲೆ ಅದರೊಳಗೆ ಇರಬೇಕು. ನಮ್ಮ ಸೆಕೆಯಲ್ಲಿ ಪ್ಲಾಸ್ಟಿಕ್ ಟೆಂಟಿನೊಳಗೆ ಮಲಗುವುದನ್ನು ಯೋಚನೆ ಮಾಡಿ.

ಪ್ರಶ್ನೆ (ಉಳ್ಳಾಲ): ಸೆಕೆ ಅಂದ ಕೂಡಲೇ ನೆನಪಾಯಿತು. ನಮಗೆ ಬೆಟ್ಟ ಇಲ್ಲ, ಬರೀ ಬೆವರು. ನಮ್ಮೂರಿನಲ್ಲಿ ಒಳ್ಳೆ ಲಾಂಗ್ ಡಿಸ್ಟೆನ್ಸ್ ಓಟಗಾರರು ಆಗುವುದೇ ಇಲ್ವಾ?

ಉತ್ತರ: ಈ ಪ್ರಶ್ನೆಗೇ ಕಾಯುತ್ತಿದ್ದೆ.

ಕರಾವಳಿ ಅಂದರೆ 400 ಮೀಟರ್ ಅಂತ ಹೆಸರಾಗಿದೆ. ಪೂವಮ್ಮ ಇದ್ದಾರೆ, ಅಶ್ವಿನಿ ಅಕ್ಕುಂಜಿ ಇದ್ದಾರೆ. ದೂರದ ಓಟಕ್ಕೆ ನಾವು ಸೆಕೆಯನ್ನು ಬೈಯುತ್ತಾ ಕೂತಿದ್ದೇವೆ. ಆದರೆ ಸೆಕೆ ನಮಗೆ ಪುಕ್ಕಟೆ ಸಿಕ್ಕ ಬೆಟ್ಟ. ಬೆಟ್ಟದ ಮೇಲೆ ಹೋದ ಮೊದಲ ದಿನಗಳಲ್ಲಿ ರಕ್ತದ ನೀರಿನ ಅಂಶ, ಅಂದರೆ ಪ್ಲಾಸ್ಮಾ, ಇಳಿಯುತ್ತದೆ. ಐದು ದಿನಕ್ಕೆ ಟೆಸ್ಟ್ ಮಾಡಿಸಿ ಹಿಮೋಗ್ಲೋಬಿನ್ ಏರಿತು ಅಂತ ಕುಣಿಯುವವರನ್ನು ನೋಡಿದ್ದೇನೆ. ಏರಿಲ್ಲ, ಸಾರು ಬತ್ತಿ ದಪ್ಪ ಆಗಿದೆ. ಸೆಕೆಯಲ್ಲಿ ಇದು ಉಲ್ಟಾ. ವಾರ ಹತ್ತು ದಿನ ಬಿಡದೆ ಓಡಿದರೆ ಪ್ಲಾಸ್ಮಾ ಜಾಸ್ತಿಯಾಗುತ್ತದೆ. ಹೃದಯ ಒಂದು ಬಡಿತಕ್ಕೆ ಜಾಸ್ತಿ ರಕ್ತ ದೂಡುತ್ತದೆ, ಅದೇ ಸ್ಪೀಡಿಗೆ ನಾಡಿ ಇಳಿಯುತ್ತದೆ, ಬೆವರು ಬೇಗ ಶುರುವಾಗುತ್ತದೆ. ಇದನ್ನೇ ಐದಾರು ವಾರ ಮಾಡಿದರೆ ಒಟ್ಟು ಹಿಮೋಗ್ಲೋಬಿನ್ ಕೂಡ ಸ್ವಲ್ಪ ಏರಿದ್ದನ್ನು ಸೈಕಲ್ ಸ್ಪರ್ಧಿಗಳಲ್ಲಿ ನೋಡಿದ್ದಾರೆ.

ಆದರೆ ಸೆಕೆಯಲ್ಲಿ ಜೋರು ಓಡಲು ಆಗುವುದಿಲ್ಲ. ಬೆಟ್ಟದ್ದೂ ಅದೇ ಕಷ್ಟ. 1997ರಲ್ಲಿ ಅಮೆರಿಕದ ಲೆವಿನ್ ಮತ್ತು ಸ್ಟ್ರೇ-ಗುಂಡರ್ಸನ್ ತೋರಿಸಿದ್ದು ಅದನ್ನೇ. ಮೇಲೆ ಮಲಗಿ ಕೆಳಗೆ ಬಂದು ಜೋರು ಓಡಿದವರು 5000 ಮೀಟರಿನಲ್ಲಿ ಸುಧಾರಿಸಿದರು. ಮೇಲೆಯೇ ಮಲಗಿ ಮೇಲೆಯೇ ಓಡಿದವರಿಗೆ ಆ ಲಾಭ ಸಿಗಲಿಲ್ಲ. ಅದನ್ನು ಓದಿ ನಮ್ಮ ಕ್ಯಾಂಪಿನಲ್ಲಿ ಒಂದು ಸಲ ಊಟಿಯಿಂದ ಬೆಟ್ಟದ ಬುಡದ ಮೆಟ್ಟುಪಾಳ್ಯಂಗೆ ಇಳಿದು ಇಂಟರ್ವಲ್, ಅಂದರೆ ನಡುನಡುವೆ ಬಿಡುವು ಕೊಟ್ಟು ಜೋರು ಓಟ, ಮಾಡಿಸಿದರು. ಘಾಟಿಯ ತಿರುವಿನಲ್ಲಿ ಅರ್ಧ ಜನ ವಾಂತಿ. ಲೆಕ್ಕ ಸರಿ ಇತ್ತು, ವ್ಯಾನ್ ಸರಿ ಇರಲಿಲ್ಲ.

ಹಾಗಾಗಿ ನಾನು ಸೆಕೆಯನ್ನೂ ಹೀಗೆಯೇ ಒಡೆಯುತ್ತೇನೆ. ಜೋರು ಓಟ ಬೆಳಿಗ್ಗೆ 5.15ಕ್ಕೆ. ಆಗಲೂ ಗಾಳಿ ಒದ್ದೆ ಬಟ್ಟೆಯ ಹಾಗೆ ಇರುತ್ತದೆ, ಬಿಸಿಲಾದರೂ ಇರುವುದಿಲ್ಲ. ನಿಧಾನದ ಓಟ ವಾರಕ್ಕೆ ಮೂರು ಸಂಜೆ, ನಾಲ್ಕೂವರೆಗೆ, ಐವತ್ತು ನಿಮಿಷ. ಸ್ಪೀಡು ನೋಡಬಾರದು, ನಾಡಿ ಮಾತ್ರ. ಓಟದ ಮೊದಲು ಮತ್ತು ನಂತರ ತೂಕ ನೋಡುತ್ತೇವೆ. ಕಳೆದ ಏಪ್ರಿಲ್‌ನಲ್ಲಿ ನನ್ನ ಒಬ್ಬ ಹುಡುಗ 58.2 ಕಿಲೋ ಇದ್ದವನು 56.7 ಆಗಿ ಬಂದ. ಅವನ ಶೂ ಹಿಂಡಿದರೆ ನೀರು. ಒಂದೂವರೆ ಲೀಟರ್ ಬೆವರು ಅಂತ ಲೆಕ್ಕ. ಆಮೇಲೆ ಎರಡು ಲೋಟ ಗಂಜಿ ತಿಳಿ, ಉಪ್ಪು ಹಾಕಿ. ಡಬ್ಬದ ಪಾನೀಯಕ್ಕಿಂತ ನನಗೆ ಇದರ ಮೇಲೆ ನಂಬಿಕೆ ಜಾಸ್ತಿ.

ಒಂದು ಮಾತ್ರ ತಮಾಷೆ ಅಲ್ಲ. ಬಿಸಿಲಿನಲ್ಲಿ ಚಳಿ ಹಿಡಿದ ಹಾಗೆ ಆದರೆ, ರೋಮ ನಿಂತರೆ, ಮಾತು ತೊದಲಿದರೆ ಅಲ್ಲೇ ಓಟ ನಿಲ್ಲಿಸಿ. ನೆರಳಿಗೆ ಹೋಗಿ ಮೈ ಮೇಲೆ ತಣ್ಣೀರು ಸುರಿಯಿರಿ, ಆಸ್ಪತ್ರೆಗೆ ಫೋನ್ ಮಾಡಿ. ಒಬ್ಬರೇ ಹೋಗಲೇಬೇಡಿ.

ಪ್ರಶ್ನೆ (ಬಂಟ್ವಾಳ): ಬೆಟ್ಟದಿಂದ ಇಳಿದ ಮೇಲೆ ಯಾವಾಗ ರೇಸ್ ಓಡಬೇಕು?

ಉತ್ತರ: ಮೊದಲ ಎರಡು ಮೂರು ದಿನದಲ್ಲಿ ಓಡಿ, ಇಲ್ಲದಿದ್ದರೆ ಎರಡು ಮೂರು ವಾರ ಬಿಟ್ಟು ಓಡಿ ಅಂತ ಹಳೆಯ ಕೋಚ್‌ಗಳ ಮಾತು. ನಡುವಿನ ದಿನಗಳಲ್ಲಿ ತುಂಬಾ ಜನರಿಗೆ ಕಾಲು ಭಾರ. ನನಗೆ ಹದಿನಾರನೇ ದಿನ ಚೆನ್ನಾಗಿತ್ತು, ನನ್ನ ರೂಮ್‌ಮೇಟ್‌ಗೆ ಎರಡನೇ ದಿನ. ಕರಾವಳಿಗೆ ಇಳಿದರೆ ಸೆಕೆಯ ಅಭ್ಯಾಸವೂ ತಪ್ಪಿರುತ್ತದೆ, ಹಾಗಾಗಿ ಮಂಗಳೂರಿನಲ್ಲಿ ರೇಸ್ ಇದ್ದರೆ ನಾನು ಎರಡು ವಾರ ಕೊಡುತ್ತೇನೆ. ತಿಂಗಳು ದಾಟಿಸಬೇಡಿ, ಗಳಿಸಿದ್ದು ಕರಗುತ್ತದೆ.

ಪ್ರಶ್ನೆ (ಕದ್ರಿ, ಬ್ಯಾಂಕ್ ಕೆಲಸ, 46 ವರ್ಷ): ಲಡಾಖ್‌ನಲ್ಲಿ ಹಾಫ್ ಮ್ಯಾರಥಾನ್ ಓಡುವ ಆಸೆ. ಇಲ್ಲಿ 1 ಗಂಟೆ 52 ನಿಮಿಷ. ಅಲ್ಲಿ ಎಷ್ಟು ಟಾರ್ಗೆಟ್ ಇಡಲಿ?

ಉತ್ತರ: ಟೈಮ್ ಟಾರ್ಗೆಟ್ ಇಡಬೇಡಿ ಸರ್. ಲೇಹ್ 3500 ಮೀಟರ್. 1968ರ ಮೆಕ್ಸಿಕೋ ಸಿಟಿ ಒಲಿಂಪಿಕ್ಸ್ ನಡೆದದ್ದು ಊಟಿಯಷ್ಟೇ ಎತ್ತರದಲ್ಲಿ. ಅಲ್ಲಿ 10,000 ಮೀಟರ್ ಗೆದ್ದ ಕೀನ್ಯಾದ ನಫ್ತಾಲಿ ತೆಮು ತೆಗೆದುಕೊಂಡದ್ದು 29 ನಿಮಿಷ 27 ಸೆಕೆಂಡ್. ಆಗಿನ ವಿಶ್ವ ದಾಖಲೆ 27:39, ಆಸ್ಟ್ರೇಲಿಯಾದ ರಾನ್ ಕ್ಲಾರ್ಕ್ ಹೆಸರಿನಲ್ಲಿ. ಅದೇ ಕ್ಲಾರ್ಕ್ ಆ ರೇಸಿನಲ್ಲಿ ಆರನೆಯವನಾಗಿ ಬಂದು ಕುಸಿದು ಬಿದ್ದ, ಆಕ್ಸಿಜನ್ ಕೊಡಬೇಕಾಯಿತು. ವಿಶ್ವ ದಾಖಲೆಯವನ ಗತಿ ಅದು. ನೀವು ಕನಿಷ್ಠ ಒಂದು ವಾರ, ಸಾಧ್ಯವಾದರೆ ಹತ್ತು ದಿನ ಮೊದಲೇ ಹೋಗಿ. ಮೊದಲ ಎರಡು ದಿನ ನಡೆಯುವುದೂ ಕಡಿಮೆ ಇರಲಿ. ಬಿಪಿ, ಹೃದಯ ತೋರಿಸಿಕೊಂಡೇ ಟಿಕೆಟ್ ಮಾಡಿ. ತಲೆನೋವು ವಾಂತಿ ಇದ್ದರೆ ಓಡಬೇಡಿ, ಮೆಡಲ್ ಮುಂದಿನ ವರ್ಷವೂ ಕೊಡುತ್ತಾರೆ.

ಸುರತ್ಕಲ್ ಹುಡುಗ: ಅಕ್ಕ, ಊಟಿ ಕ್ಯಾನ್ಸಲ್. ಈಗ ಈ ಹದಿನೈದು ಸಾವಿರಕ್ಕೆ ಎಂತ ಮಾಡಲಿ?

ಉತ್ತರ: ಒಂದು ಫೆರಿಟಿನ್ ಟೆಸ್ಟ್. ಒಂದು ಜೊತೆ ಒಳ್ಳೆ ಶೂ. ಉಳಿದದ್ದು ಅಮ್ಮನ ಕೈಗೆ. ಶನಿವಾರ 5.15ಕ್ಕೆ ಅಜ್ಜರಕಾಡಿಗೆ ಬಾ, ನಾಲ್ಕು ಹುಡುಗರು ಇರುತ್ತಾರೆ. ಎರಡು ಬನಿಯನ್ ತಾ, ಒಂದು ಸಾಲುವುದಿಲ್ಲ.